ಕಲೆಯ ಕಾಯಕ ಕಲಿಸುವ ಮಲೆನಾಡು

ಸಾಗರ, ಹೊಸನಗರ, ತೀರ್ಥಹಳ್ಳಿ ಎಂದೊಡನೆ ಜೋಗದ ಜಲಪಾತ, ಅಡಕೆಯ ತೋಟ, ಎಡೆಬಿಡದ ಮಳೆ ನೆನಪಿಗೆ ಬರುತ್ತವೆ. ನಮ್ಮ ಸಮಾಜದ ಕುಟುಂಬಗಳಿಗೆ ಕೆಳದಿ ಅರಸರ ಸ್ಮರಣೆಯೂ ಅದರೊಡನೆ ಬೆರೆತಿರುತ್ತದೆ. ಶಿವಮೊಗ್ಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಇನ್ನೊಂದು ಹಿರಿಮೆಯುಂಟು. ಕಲೆಯನ್ನೇ ಬದುಕಾಗಿಸಿಕೊಂಡವರು ಹೇಗೆ ಕಲಿಯುತ್ತಾರೆ, ಕಲಿತ ಮೇಲೂ ಏಕೆ ಕಲಿಯುತ್ತಲೇ ಇರಬೇಕು ಎಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಯಾತ್ರೆಯನ್ನು ಸಾಗರದಿಂದ ಆರಂಭಿಸುವುದು ಉಚಿತ. ಇದು ಗುಡಿಗಾರರ ಊರು. ಶ್ರೀಗಂಧದ ತುಂಡಿನಲ್ಲಿ ದೇವತಾಮೂರ್ತಿಗಳನ್ನೂ ಹೂಬಳ್ಳಿಗಳ ಪೆಟ್ಟಿಗೆಗಳನ್ನೂ ಕೆತ್ತುವ ಈ ಮನೆತನಗಳಲ್ಲಿ ಮನೆಯೇ ಪಾಠಶಾಲೆ, ಹಿರಿಯರೇ ಗುರುಗಳು. ಮರದ ಎಳೆ ಯಾವ ಕಡೆಗೆ ಸಾಗಿದೆ, ಉಳಿಯನ್ನು ಎಲ್ಲಿ ತಡೆಯಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ನೋಡಿ, ಕೈಯಾಡಿಸಿ ಪಡೆಯಬೇಕಾದುದು. ಈ ಪದ್ಧತಿಯ ಬಲವೂ ಇದೇ, ಅಪಾಯವೂ ಇದೇ. ಶ್ರೀಗಂಧ ಹಿಂದಿನಂತೆ ಸುಲಭವಾಗಿ ದೊರೆಯದ ಈ ಕಾಲದಲ್ಲಿ ಮಗ ಬೇರೆ ಉದ್ಯೋಗ ಹಿಡಿದು ಊರು ಬಿಟ್ಟರೆ, ತಂದೆಯ ಕೈಯ ವಿದ್ಯೆ ತಂದೆಯೊಡನೆಯೇ ಮುಗಿದುಹೋಗುತ್ತದೆ.

ಹಾಗಾದರೆ ಕಲಾವಿದರ ಮನೆತನದಲ್ಲಿ ಹುಟ್ಟದವರಿಗೆ ಕಲೆಯ ಬಾಗಿಲು ಎಲ್ಲಿದೆ? ಉತ್ತರ ಸಾಗರಕ್ಕೆ ಸಮೀಪದ ಹೆಗ್ಗೋಡಿನಲ್ಲಿದೆ. ಅಡಕೆ ಬೆಳೆಗಾರರ ಈ ಹಳ್ಳಿಯಲ್ಲಿ 1949ರಲ್ಲಿ ಊರವರು ಕಟ್ಟಿಕೊಂಡ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಮ್. ಕೆ.ವಿ. ಸುಬ್ಬಣ್ಣನವರು ಹವ್ಯಾಸಿ ನಾಟಕದ ಆ ಸಂಘವನ್ನು ದೊಡ್ಡ ವಿದ್ಯಾಕ್ಷೇತ್ರವನ್ನಾಗಿ ಬೆಳೆಸಿದರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಹೀಗೆ ಒಂದರ ಹಿಂದೊಂದು ಆರಂಭವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಈ ಕಾರ್ಯ ನಿಂತಿಲ್ಲ.

ಇಲ್ಲಿಯ ಶಿಕ್ಷಣಕ್ರಮವನ್ನು ತಂದೆತಾಯಂದಿರು ಗಮನಿಸಬೇಕು. ನಾಡಿನ ಬೇರೆ ಬೇರೆ ಭಾಗಗಳಿಂದ ಬಂದ ಯುವಕ ಯುವತಿಯರು ಇಲ್ಲಿಯೇ ವಾಸವಿದ್ದು ಅಭಿನಯ, ಧ್ವನಿ, ಸಂಗೀತ, ಪ್ರಸಾಧನ, ಬೆಳಕು, ರಂಗಸಜ್ಜಿಕೆಗಳನ್ನು ಅಭ್ಯಾಸ ಮಾಡುತ್ತಾರೆ. ಅರಸನ ಪಾತ್ರ ಮಾಡುವವನಿಗೂ ಬೆಳಕಿನ ಕೆಲಸ ತಿಳಿದಿರಬೇಕು. ಪ್ರಮಾಣಪತ್ರ ಕೈಗೆ ಬಂದೊಡನೆ ಕಲಿಕೆ ಮುಗಿಯಲಿಲ್ಲ. ಅನೇಕರಿಗೆ ಎರಡನೆಯ ಪಾಠಶಾಲೆ ತಿರುಗಾಟವೇ. ನಾಟಕಗಳನ್ನು ಸಿದ್ಧಪಡಿಸಿಕೊಂಡು ತಂಡ ಕರ್ನಾಟಕದ ಊರೂರು ಸುತ್ತುತ್ತದೆ. ಇಂದಿನ ರಂಗ ನಾಳೆಯದಲ್ಲ, ಇಂದಿನ ಪ್ರೇಕ್ಷಕರೂ ನಾಳೆಯವರಲ್ಲ. ಆದುದರಿಂದ ನಿನ್ನೆ ಒದಗಿದ ಅಭಿನಯವನ್ನು ಇಂದು ಮತ್ತೆ ಕಲಿಯಬೇಕಾಗುತ್ತದೆ.

ಮೂರನೆಯದು ವರ್ಷಕ್ಕೊಮ್ಮೆ ನಡೆಯುವ ಸಂಸ್ಕೃತಿ ಶಿಬಿರ. ಅಧ್ಯಾಪಕರು, ಕೃಷಿಕರು, ವಿದ್ಯಾರ್ಥಿಗಳು, ಬರಹಗಾರರು ಒಂದೆಡೆ ಕುಳಿತು ಹಗಲು ವಿಚಾರ ಕೇಳಿ, ರಾತ್ರಿ ನಾಟಕ ನೋಡಿ, ಮರುದಿನ ಅದನ್ನೇ ಚರ್ಚಿಸುತ್ತಾರೆ. ಕಲಾವಿದನಿಗೆ ಮಾತ್ರವಲ್ಲ, ನೋಡುವವನಿಗೂ ಶಿಕ್ಷಣ ಬೇಕೆಂಬ ತಿಳಿವಳಿಕೆ ಇದರ ಹಿಂದಿದೆ. ಬಲ್ಲ ಪ್ರೇಕ್ಷಕರಿಲ್ಲದ ಊರಿನಲ್ಲಿ ಕಲೆ ಬಹುಕಾಲ ಬಾಳದು.

ಹೆಗ್ಗೋಡಿನಿಂದ ಹೊಸನಗರ ತಾಲ್ಲೂಕಿನ ನಗರಕ್ಕೆ ಬಂದರೆ ಇದೇ ಮಾತಿಗೆ ಹಳೆಯ ಸಾಕ್ಷಿಯೊಂದು ದೊರೆಯುತ್ತದೆ. 1763ರಲ್ಲಿ ಹೈದರಾಲಿಯ ವಶವಾದ ಬಿದನೂರು ಇದೇ. ಇಂದು ಕೋಟೆಯ ಗೋಡೆ, ದೇವಗಂಗೆಯ ಕೊಳಗಳು ಉಳಿದಿವೆ. ಇಲ್ಲಿಂದ ಆಳಿದ, ವೀರರಾಣಿ ಚೆನ್ನಮ್ಮಾಜಿಯವರ ದತ್ತುಪುತ್ರ ಬಸವಪ್ಪನಾಯಕನು ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ರಚಿಸಿದನು. 9 ಕಲ್ಲೋಲ, 108 ತರಂಗಗಳ ಈ ವಿಶ್ವಕೋಶದಲ್ಲಿ ಶಿವತತ್ತ್ವದೊಡನೆ ರಾಜನೀತಿ, ಶಿಲ್ಪ, ಸಂಗೀತ, ನಾಟ್ಯ, ಪಾಕಶಾಸ್ತ್ರಗಳಿಗೂ ಸ್ಥಾನವಿದೆ. ಮಗ ಸೋಮಶೇಖರನಿಗೆ ತಂದೆ ತಿಳಿಸಿಹೇಳುವ ರೀತಿಯಲ್ಲಿ ಅದು ರಚಿತವಾಗಿದೆ. ರಾಜ್ಯಭಾರದ ನಡುವೆಯೂ ಇಷ್ಟೊಂದು ಶಾಸ್ತ್ರಗಳನ್ನು ತಾನು ಕಲಿತು ಮಗನಿಗೆ ಕಲಿಸಬಯಸಿದ ಅರಸನ ಮುಂದೆ, ಓದಲು ಬಿಡುವಿಲ್ಲವೆನ್ನುವ ನಮ್ಮ ನೆಪ ನಿಲ್ಲದು.

ತೀರ್ಥಹಳ್ಳಿಯ ಕಡೆಗೆ ಸಾಗುವವರು ಕೆಳದಿ ಅರಸರ ಕವಲೇದುರ್ಗವನ್ನು ಏರಿ, ಬಳಿಕ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಯನ್ನೂ ಕವಿಶೈಲವನ್ನೂ ನೋಡಬೇಕು. ಅವರು ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕವನ್ನು ಬಿದನೂರಿನ ಕಥೆಯಾಗಿಸಿ 1932ರಲ್ಲಿ ರಕ್ತಾಕ್ಷಿಯನ್ನು ಪ್ರಕಟಿಸಿದರು. ದೂರದೇಶದ ವಿದ್ಯೆಯನ್ನು ಕಲಿತು ಅದನ್ನು ನೆರೆಯ ಕೋಟೆಯ ಕಥೆಯಾಗಿ ನಾಡಿಗೆ ಕೊಡುವುದು, ಕಲಿಕೆ ಪಕ್ವವಾದುದರ ಗುರುತು.

ಇಷ್ಟೆಲ್ಲ ಕಂಡ ಮೇಲೂ ಮನೆಗಳಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ಕಲೆ ಹೊಟ್ಟೆ ತುಂಬಿಸೀತೇ? ಪ್ರಶ್ನೆ ನ್ಯಾಯವಾದುದೇ. ರಂಗಶಿಕ್ಷಣ ಪಡೆದವರಲ್ಲಿ ಶಾಲೆಗಳಲ್ಲಿ ನಾಟಕ ಕಲಿಸುತ್ತಿರುವವರಿದ್ದಾರೆ, ನಟರಾಗಿ ಬಾಳುತ್ತಿರುವವರಿದ್ದಾರೆ, ಕಷ್ಟಪಡುತ್ತಿರುವವರೂ ಇದ್ದಾರೆ. ಆದರೆ ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ವೇಷಗಾರಿಕೆಯನ್ನೇ ಕಾಯಕವಾಗಿಸಿಕೊಂಡ ಬಹುರೂಪಿ ಚೌಡಯ್ಯನೂ ಇದ್ದನೆಂಬುದನ್ನು ನಾವು ಮರೆಯಬಾರದು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರವನ್ನು ಆರಂಭಿಸಿ, ಮುಂದೆ ರಂಗಶಾಲೆಯನ್ನೂ ತೆರೆದುದು ಆ ಪರಂಪರೆಗೆ ಸಲ್ಲಿಸಿದ ಸೇವೆಯೇ ಸರಿ. ಕಲೆ ಕಾಯಕವೆಂದಾದರೆ ಅದಕ್ಕೆ ಶಿಕ್ಷಣ ಬೇಕು, ನ್ಯಾಯವಾದ ಪ್ರತಿಫಲವೂ ಬೇಕು. ಅದನ್ನು ಕೊಡಬೇಕಾದವರು ನಾವೇ ಅಲ್ಲವೇ?

ಮಳೆಗಾಲ ಕಳೆದ ಮೇಲೆ ನಾಲ್ಕು ದಿನ ಬಿಡುವು ಮಾಡಿಕೊಂಡು ಮಕ್ಕಳೊಡನೆ ಈ ನಾಡಿಗೆ ಹೋಗಿಬನ್ನಿರಿ. ತಾಳಗುಪ್ಪದ ರೈಲಿನಲ್ಲಿ ಸಾಗರದವರೆಗೆ ಬರಬಹುದು. ಜೋಗವನ್ನು ನೋಡಿರಿ, ಅದರೊಡನೆ ಗುಡಿಗಾರರ ಕೈಯ ಮೂರ್ತಿಯೊಂದನ್ನು ಕೊಳ್ಳಿರಿ, ಹೆಗ್ಗೋಡಿನಲ್ಲಿ ನಾಟಕವಿದ್ದರೆ ಕುಳಿತು ನೋಡಿರಿ. ಹಾಡುವ, ಚಿತ್ರ ಬರೆಯುವ, ವೇಷ ಕಟ್ಟುವ ಮಗುವೊಂದು ಮನೆಯಲ್ಲಿದ್ದರೆ, ಅದಕ್ಕೆ ಬೇಡವೆನ್ನುವ ಮುನ್ನ ಗುರುವೊಬ್ಬರನ್ನು ಹುಡುಕಿಕೊಡಿರಿ.