ಕವಲು ಕೇಬಲ್ಲು ಕಲಿಸಿದ ಪಾಠ

ನಮ್ಮ ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಕನ್ನಡ ಪಂಡಿತನಾದ ನನ್ನಿಂದ ವ್ಯಾಕರಣವನ್ನೋ ಛಂದಸ್ಸನ್ನೋ ಶರಣಸಾಹಿತ್ಯವನ್ನೋ ಕುರಿತ ಬರೆಹವನ್ನು ಅವರು ನಿರೀಕ್ಷಿಸಿದ್ದಿರಬೇಕು. ನಾನು ಬರೆಯಹೊರಟಿರುವುದಾದರೋ ಗಣಕಯಂತ್ರದ ಒಂದು ಕೇಬಲ್ಲನ್ನು ಕುರಿತು. ಓದುಗರು ನಗಬಾರದು. ಒಂದು ಮೊಳ ಉದ್ದದ ಆ ಕೇಬಲ್ಲನ್ನು ತಪ್ಪಾಗಿ ಕೊಂಡು ತಂದವನು ನಾನೇ; ಆ ತಪ್ಪಿನ ಫಲವಾಗಿ ಒಂದು ಇಡೀ ರಾತ್ರಿಯನ್ನು ನಿದ್ದೆಯಿಲ್ಲದೆ ಕಳೆದವನೂ ನಾನೇ. ಹಾಗೆ ಕಲಿತುದನ್ನು ನಾಲ್ಕು ಜನರಿಗೆ ತಿಳಿಸುವುದು ಉಪಾಧ್ಯಾಯನ ಕರ್ತವ್ಯವೆಂದು ಭಾವಿಸಿ ಈ ಬರೆಹಕ್ಕೆ ಕೈಹಾಕಿದ್ದೇನೆ.

ಶ್ರೀಮಠದ ಭಕ್ತರ ಮನೆಗಳಲ್ಲಿ, ಅಟ್ಟದ ಮೇಲೆಯೂ ದೇವರ ಜಗಲಿಯ ಮೇಲೆಯೂ ತಲೆತಲಾಂತರದಿಂದ ಉಳಿದುಬಂದಿರುವ ತಾಳೆಗರಿಯ ಕಟ್ಟುಗಳು ಬಹಳ. ಪೂಜ್ಯ ಶ್ರೀಗಳವರ ಅಪ್ಪಣೆಯಂತೆ ನಾವು ಕೆಲವರು ಉಪಾಧ್ಯಾಯರು ಆ ಕಟ್ಟುಗಳನ್ನು ಬೇಡಿ ತಂದು, ಧೂಳು ಕೊಡವಿ, ಒಂದೊಂದು ಗರಿಯ ಎರಡೂ ಮಗ್ಗುಲನ್ನು ಛಾಯಾಚಿತ್ರ ತೆಗೆದು, ಕಟ್ಟನ್ನು ಮರಳಿ ಆ ಮನೆಯವರಿಗೇ ಒಪ್ಪಿಸುತ್ತ ಬಂದೆವು. ಚಿತ್ರಗಳನ್ನೆಲ್ಲ ಹಾರ್ಡ್ ಡಿಸ್ಕುಗಳಲ್ಲಿ ತುಂಬಿಟ್ಟೆವು. ಹೀಗೆ ಒಪ್ಪಿಸಿದ ಕಟ್ಟುಗಳಲ್ಲೊಂದು, ಮುಂದಿನ ಮಳೆಗಾಲದಲ್ಲಿ ಆ ಮನೆಯ ಗೋಡೆ ಕುಸಿದು, ತೇವ ಸೇರಿ, ಗೆದ್ದಲು ಹತ್ತಿ ಮಣ್ಣಾಗಿ ಹೋಯಿತು. ಆ ಮನೆಯ ಹಿರಿಯರು ಬಂದು, "ಚಿತ್ರನಾದರೂ ಉಳದಾವಲ್ರೀ ಪಂಡಿತರ?" ಎಂದು ಕೇಳಿದಾಗ, "ಉಳದಾವ, ಚಿಂತಿ ಮಾಡಬ್ಯಾಡ್ರಿ" ಎಂದು ನಾನು ಮಾತು ಕೊಟ್ಟಿದ್ದೆ.

ಫ. ಗು. ಹಳಕಟ್ಟಿಯವರು (1880–1964) ಇಂತಹ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಪ್ರಕಟಿಸಿದರು. ಮುಂದೆ ತಮ್ಮ ಮನೆಯನ್ನೇ ಮಾರಿ ವಿಜಾಪುರದಲ್ಲಿ ಮುದ್ರಣಾಲಯವನ್ನು ನಡೆಸಿದರು. ಗರಿಯಲ್ಲಿದ್ದುದನ್ನು ಕಾಗದಕ್ಕೆ ತಂದ ಆ ಮಹನೀಯರ ಕಾಯಕದ ಮುಂದೆ ನಮ್ಮದು ಅಳಿಲ ಸೇವೆ. ಆದರೆ ಒಂದು ವ್ಯತ್ಯಾಸವುಂಟು. ಕಾಗದವನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದೆ. ಡಿಸ್ಕನ್ನು ಸೂರ್ಯನಿಗೇ ಹಿಡಿದರೂ ಏನೂ ಕಾಣದು. ಅದರ ಒಳಗಿನದು ಹೊರಗೆ ಬರಬೇಕಾದರೆ ನಡುವೆ ತಂತಿಯೊಂದು ಬೇಕು. ಆ ತಂತಿ ಸರಿಯಾದ ತಂತಿಯಾಗಿರಬೇಕು.

ನಮ್ಮ ಚಿತ್ರಗಳು ಆರು ಡಿಸ್ಕುಗಳಲ್ಲಿ ಹಂಚಿಹೋಗಿದ್ದವು. ಒಂದು ಗ್ರಂಥಾಲಯದ ಕಪಾಟಿನಲ್ಲಿ, ಇನ್ನೊಂದು ಮುಖ್ಯೋಪಾಧ್ಯಾಯರ ಮೇಜಿನಲ್ಲಿ, ಮತ್ತೆರಡು ನನ್ನ ಮನೆಯ ಟ್ರಂಕಿನಲ್ಲಿ. ಎಲ್ಲವನ್ನೂ ಒಂದೆಡೆ ಕೂಡಿಸಬೇಕೆಂದು ಶ್ರೀಗಳವರು ಸೂಚಿಸಿದರು. ದಾನಿಗಳೊಬ್ಬರು ಗಣಕಯಂತ್ರವೊಂದನ್ನೂ, ಪ್ರತಿ ತೆಗೆದಿಡಲೆಂದು ಹೆಚ್ಚು ಸಾಮರ್ಥ್ಯದ ಎರಡು ಖಾಲಿ ಡಿಸ್ಕುಗಳನ್ನೂ ಕೊಟ್ಟರು. ಒಟ್ಟು ಎಂಟಾಯಿತು. ಆದರೆ ಆ ಯಂತ್ರದ ಮದರ್‌ಬೋರ್ಡಿನಲ್ಲಿ ಡಿಸ್ಕು ಜೋಡಿಸುವ ಸಾಟಾ ಕಿಂಡಿಗಳಿದ್ದುದು ನಾಲ್ಕೇ. ಅದಕ್ಕಾಗಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು 9211-8ಐ ಎಂಬ ಕಂಟ್ರೋಲರ್ ಕಾರ್ಡನ್ನು ಕಳುಹಿಸಿಕೊಟ್ಟನು. ಡಿಸ್ಕುಗಳನ್ನು ತನ್ನ ಲೆಕ್ಕಕ್ಕೆ ಕಟ್ಟಿಹಾಕದೆ, ಒಂದೊಂದನ್ನೂ ಇದ್ದುದು ಇದ್ದಂತೆ ಯಂತ್ರಕ್ಕೆ ತೋರಿಸುವ ಹಾಗೆ ಅದನ್ನು ಅವನೇ ಸಿದ್ಧಪಡಿಸಿದ್ದನು. ಅದರಲ್ಲಿ ಎರಡೇ ಬಾಯಿಗಳು. ಆದರೆ ಒಂದೊಂದು ಬಾಯಿಯೊಳಗೂ ನಾಲ್ಕು ದಾರಿಗಳು. ಒಂದು ಬಾಯಿಯನ್ನು ನಾಲ್ಕು ಕವಲಾಗಿ ಒಡೆದು ನಾಲ್ಕು ಡಿಸ್ಕುಗಳಿಗೆ ಮುಟ್ಟಿಸುವ ಸಾಧನವೇ ಬ್ರೇಕ್‌ಔಟ್ ಕೇಬಲ್. ಎರಡು ಕೇಬಲ್ಲುಗಳಿದ್ದರೆ ಎಂಟು ಡಿಸ್ಕುಗಳಿಗೆ ಸಾಲುತ್ತದೆ.

ಕೇಬಲ್ಲನ್ನು ತಾನೇ ಕಳುಹಿಸುವೆನೆಂದು ಅವನು ಹೇಳಿದರೂ ನಾನು ಒಪ್ಪಲಿಲ್ಲ. ದಾನಿಗಳಿಗೆ ಎಷ್ಟೆಂದು ಭಾರ ಹೊರಿಸುವುದು ಎಂಬ ಸಂಕೋಚ ಒಂದು. ಇಷ್ಟು ಸಣ್ಣ ಕೆಲಸ ನನ್ನಿಂದಾಗದೇ ಎಂಬ ಅಭಿಮಾನ ಇನ್ನೊಂದು. ಪಟ್ಟಣದ ಅಂಗಡಿಯಲ್ಲಿ ಕಾರ್ಡಿನ ಚಿತ್ರವನ್ನು ತೋರಿಸಿದೆ. ಅಂಗಡಿಯ ಹುಡುಗನು ಒಂದೇ ರೂಪದ ಎರಡು ಕೇಬಲ್ಲುಗಳನ್ನು ಮುಂದಿಟ್ಟು, "ಫಾರ್ವರ್ಡ್ ಬೇಕೋ ರಿವರ್ಸ್ ಬೇಕೋ?" ಎಂದು ಕೇಳಿದನು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂದು ಹೇಳಲು ನಾಲಗೆ ಏಳಲಿಲ್ಲ. ಬೆಲೆ ಕಡಿಮೆಯಿದ್ದುದನ್ನು ಬೆರಳಿನಿಂದ ತೋರಿಸಿ, ಅಂತಹವೇ ಎರಡನ್ನು ಕಟ್ಟಿಸಿಕೊಂಡು ಬಂದೆ. ತರಗತಿಯಲ್ಲಿ "ತಿಳಿಯದಿದ್ದರೆ ಕೇಳಿರಿ, ಕೇಳುವುದು ಅವಮಾನವಲ್ಲ" ಎಂದು ವರ್ಷವರ್ಷವೂ ಹೇಳುವವನು ನಾನು!

ಅಂದು ಸಂಜೆ ನಾನೂ ತರುಣ ಉಪಾಧ್ಯಾಯರೊಬ್ಬರೂ ಡಿಸ್ಕುಗಳನ್ನು ಅವುಗಳ ಡಬ್ಬಿಗಳಿಂದ ಬಿಚ್ಚಿ ತೆಗೆದು, ಕೇಬಲ್ಲನ್ನು ಜೋಡಿಸಿ, ಯಂತ್ರವನ್ನು ಚಾಲೂ ಮಾಡಿದೆವು. ಕೇಬಲ್ಲಿನ ಬಾಯಿ ಕಾರ್ಡಿಗೆ 'ಟಕ್' ಎಂದು ಕೂತಿತು. ಡಿಸ್ಕುಗಳು ಹೊರಳುವ ಸದ್ದೂ ಕೇಳಿಸಿತು. ಆದರೆ ಪರದೆಯ ಮೇಲೆ ಒಂದು ಡಿಸ್ಕೂ ಕಾಣಿಸಲಿಲ್ಲ. ಬಿಚ್ಚಿ ಮತ್ತೆ ಜೋಡಿಸಿದೆವು, ಕಾಣಿಸಲಿಲ್ಲ. ಇನ್ನೂ ಮುಟ್ಟಿದರೆ ಇನ್ನೇನು ಅನರ್ಥವಾಗುವುದೋ ಎಂದು ಯಂತ್ರವನ್ನು ಆರಿಸಿ ಮನೆಗೆ ಬಂದೆ. ಆ ರಾತ್ರಿ ಕಣ್ಣು ಮುಚ್ಚಿದರೆ ಕುಸಿದ ಗೋಡೆ, ಗೆದ್ದಲು ತಿಂದ ಗರಿ, ಮಾತು ಕೇಳಿ ನಂಬಿ ಹೋದ ಆ ಹಿರಿಯರ ಮುಖ. ಮಳೆಗೂ ಗೆದ್ದಲಿಗೂ ವಿವೇಕವಿಲ್ಲ. ವಿವೇಕವಿದ್ದ ನಾನು ಮಾಡಿದುದೇನು ಎಂಬ ಪ್ರಶ್ನೆ ಬೆಳಗಿನವರೆಗೂ ಬಿಡಲಿಲ್ಲ.

ಮರುದಿನ ಆ ಹಳೆಯ ವಿದ್ಯಾರ್ಥಿ ಬೆಂಗಳೂರಿನಿಂದ ಬಂದನು. ಕೇಬಲ್ಲಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿದವನೇ ನಕ್ಕನು. "ಗುರುಗಳ, ಡಿಸ್ಕು ಕೆಟ್ಟಿಲ್ರಿ, ಕೇಬಲ್ಲೂ ಕೆಟ್ಟಿಲ್ರಿ. ನೀವಽ ಕಲಿಸಿದ್ದಲ್ರಿ, 'ಗುರುವಿನಿಂದ ಶಿಷ್ಯನಿಗೆ' ಅನ್ನೋದಽ ಬ್ಯಾರೆ, 'ಶಿಷ್ಯನಿಂದ ಗುರುವಿಗೆ' ಅನ್ನೋದಽ ಬ್ಯಾರೆ ಅಂತ? ಇಲ್ಲಿ ವಿಭಕ್ತಿ ಪ್ರತ್ಯಯ ಅದಲುಬದಲು ಆಗ್ಯಾವ್ರಿ" ಎಂದನು. ಅವನ ವಿವರಣೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಡಿಸ್ಕಿನ ಸಾಟಾ ಕಿಂಡಿಯಲ್ಲಿ ಏಳು ಸಂಪರ್ಕ ಬಿಂದುಗಳಿವೆ. ಮೂರು ಭೂಸಂಪರ್ಕಕ್ಕೆ, ಉಳಿದ ನಾಲ್ಕರಲ್ಲಿ ಒಂದು ಜೋಡಿ ಹೇಳುವುದಕ್ಕೆ, ಒಂದು ಜೋಡಿ ಕೇಳುವುದಕ್ಕೆ. ಕಂಟ್ರೋಲರಿನ ಹೇಳುವ ಜೋಡಿ ಡಿಸ್ಕಿನ ಕೇಳುವ ಜೋಡಿಗೂ, ಡಿಸ್ಕಿನ ಹೇಳುವ ಜೋಡಿ ಕಂಟ್ರೋಲರಿನ ಕೇಳುವ ಜೋಡಿಗೂ ಮುಟ್ಟಬೇಕು. ಫಾರ್ವರ್ಡ್ ಕೇಬಲ್ಲಿನಲ್ಲಿ ತಂತಿಗಳನ್ನು ಹೀಗೆಯೇ ಹೆಣೆದಿರುತ್ತಾರೆ: ಒಂದು ಬಾಯಿ ಕಂಟ್ರೋಲರಿನದು, ನಾಲ್ಕು ತುದಿಗಳು ಡಿಸ್ಕಿನವು. ರಿವರ್ಸ್ ಕೇಬಲ್ಲಿನ ಉದ್ದೇಶ ಬೇರೆ. ಅಲ್ಲಿ ನಾಲ್ಕು ತುದಿಗಳು ಮದರ್‌ಬೋರ್ಡಿನ ನಾಲ್ಕು ಸಾಟಾ ಕಿಂಡಿಗಳಿಗೆ. ಒಂದು ಬಾಯಿ ಡಿಸ್ಕುಗಳನ್ನು ಸಾಲಾಗಿ ತೂರಿಸುವ ಗೂಡಿನ ಹಿಂಬದಿಯ ಫಲಕಕ್ಕೆ. ಹೊರಗಿನ ರೂಪ ಒಂದೇ, ಒಳಗಿನ ಹೆಣಿಗೆ ವಿರುದ್ಧ. ನಾನು ತಂದುದನ್ನು ಜೋಡಿಸಿದಾಗ ಬಾಯಿಗೆ ಬಾಯಿ, ಕಿವಿಗೆ ಕಿವಿ ಎದುರಾಗಿದ್ದವು. ಇಬ್ಬರೂ ಮಾತಾಡಿದರು, ಒಬ್ಬರೂ ಕೇಳಲಿಲ್ಲ. ಅದರಿಂದ ಡಿಸ್ಕಿಗೆ ಹಾನಿಯೇನೂ ಆಗಿರಲಿಲ್ಲ. ಅವನು ತಂದಿದ್ದ ಫಾರ್ವರ್ಡ್ ಕೇಬಲ್ಲನ್ನು ಹಾಕಿದೊಡನೆ ನಾಲ್ಕು ಡಿಸ್ಕುಗಳೂ ಪರದೆಯ ಮೇಲೆ ಮೂಡಿದವು. ಆ ಹಿರಿಯರ ಮನೆಯ ಕಟ್ಟಿನ ಮೊದಲನೆಯ ಗರಿಯನ್ನು ತೆರೆದು ನೋಡುವವರೆಗೆ ನಾನು ಕೂತಿರಲಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ದಾನಿಗಳು ಕೊಟ್ಟ ಎರಡು ಡಿಸ್ಕುಗಳು ಸಾಟಾ ಜಾತಿಯವಲ್ಲ, ಸ್ಯಾಸ್ ಎಂಬ ಜಾತಿಯವು. ಸಾಟಾ ಡಿಸ್ಕಿನಲ್ಲಿ ಮಾತಿನ ಕಿಂಡಿಗೂ ವಿದ್ಯುತ್ತಿನ ಕಿಂಡಿಗೂ ನಡುವೆ ಒಂದು ಸಂದು ಇರುತ್ತದೆ. ಸ್ಯಾಸ್ ಡಿಸ್ಕಿನಲ್ಲಿ ಆ ಸಂದು ತುಂಬಿರುತ್ತದೆ. ಆದುದರಿಂದ ಸಾಟಾ ತುದಿ ಅದಕ್ಕೆ ಕೂರದು. ಅದಕ್ಕೆ ಬೇಕಾದುದು ಎಸ್‌ಎಫ್‌ಎಫ್-8482 ಎಂಬ ತುದಿಗಳುಳ್ಳ ಕೇಬಲ್. ವಿದ್ಯುತ್ತಿನ ತಂತಿಯನ್ನೂ ಆ ತುದಿಗೇ ಸೇರಿಸಬೇಕು. ಸಂತೋಷದ ಸಂಗತಿಯೆಂದರೆ, ಈ ತುದಿ ಸ್ಯಾಸ್ ಡಿಸ್ಕಿಗೂ ಹೊಂದುತ್ತದೆ, ಸಾಟಾ ಡಿಸ್ಕಿಗೂ ಹೊಂದುತ್ತದೆ. ಎರಡನೆಯ ಕೇಬಲ್ಲನ್ನು ಈ ಬಗೆಯದನ್ನೇ ತರಿಸಿ, ಉಳಿದ ಎರಡು ಸಾಟಾಗಳನ್ನೂ ಎರಡು ಸ್ಯಾಸುಗಳನ್ನೂ ದಾಸೋಹದಂತೆ ಒಂದೇ ಪಂಕ್ತಿಯಲ್ಲಿ ಕೂರಿಸಿದೆವು. ಸ್ಯಾಸ್ ಕಂಟ್ರೋಲರ್ ಎರಡನ್ನೂ ಒಪ್ಪಿಕೊಳ್ಳುತ್ತದೆ. ಮದರ್‌ಬೋರ್ಡಿನ ಬರಿಯ ಸಾಟಾ ಕಿಂಡಿ ಸ್ಯಾಸ್ ಡಿಸ್ಕನ್ನು ಒಪ್ಪದು.

ಆದ್ದರಿಂದ ಇಂತಹ ಕೇಬಲ್ಲನ್ನು ಕೊಳ್ಳುವವರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕಂಟ್ರೋಲರಿನ ಬಾಯಿ ಯಾವುದು? ನಮ್ಮ ಕಾರ್ಡಿನದು 36 ಸಂಪರ್ಕ ಬಿಂದುಗಳ ಎಸ್‌ಎಫ್‌ಎಫ್-8087. ಅನಂತರದ 9300-8ಐಯಂತಹ ಕಾರ್ಡುಗಳದು ಎಸ್‌ಎಫ್‌ಎಫ್-8643. ಒಂದರದು ಇನ್ನೊಂದಕ್ಕೆ ಹೊಂದದು. ಡಿಸ್ಕಿನ ತುದಿ ಸಾಟಾವೋ ಸ್ಯಾಸೋ? ದಿಕ್ಕು ಫಾರ್ವರ್ಡೋ ರಿವರ್ಸೋ? ಉದ್ದ ಎಷ್ಟು? ಸಾಟಾ ಕೇಬಲ್ಲಿಗೆ 1 ಮೀಟರ್ ಮಿತಿಯುಂಟು. ನಾನು ಪೆಟ್ಟಿಗೆಯೊಳಗೆ ದಾರ ಹಿಡಿದು ಅಳೆದೆ. ಅರ್ಧ ಮೀಟರ್ ಸಾಕಾಯಿತು. ಗಿಡ್ಡವಾದರೆ ಎಳೆತ, ಉದ್ದವಾದರೆ ಸುರುಳಿ, ಎರಡೂ ಕೂಡದು.

ಜೋಡಿಸಿದ ಮೇಲೆ ಹೆಸರಿಡುವ ಕೆಲಸವುಂಟು. ಕವಲುಗಳ ಮೇಲೆ ಪಿ1ರಿಂದ ಪಿ4ರವರೆಗೆ ಅಂಕಿ ಬರೆದಿರುತ್ತದೆ. ಯಾವ ಕವಲಿಗೆ ಯಾವ ಡಿಸ್ಕು ಎಂಬುದನ್ನು, ಡಿಸ್ಕಿನ ಕ್ರಮಸಂಖ್ಯೆಯೊಡನೆ ಚೀಟಿಯಲ್ಲಿ ಬರೆದು ಅಂಟಿಸಿದೆವು. ತಾಳೆಗರಿಯ ಲಿಪಿಕಾರರು ಗರಿಯ ಅಂಚಿನಲ್ಲಿ ಅಂಕಿ ಹಾಕುತ್ತಿದ್ದುದೂ ಇದಕ್ಕಾಗಿಯೇ. ದಾರ ಹರಿದು ಗರಿ ಚೆದರಿದರೂ ಕ್ರಮ ಕೆಡಬಾರದು. ಡಿಸ್ಕೊಂದು ಕೆಟ್ಟ ದಿನ, ಕೆಟ್ಟುದನ್ನು ಬಿಟ್ಟು ಒಳ್ಳೆಯದನ್ನು ಕಿತ್ತರೆ ಗತಿಯೇನು?

ಕೆಲವು ತಿಂಗಳ ಬಳಿಕ ಒಂದು ಡಿಸ್ಕು ತಡವರಿಸತೊಡಗಿತು. ಅದರ ಆಯುಷ್ಯ ತೀರಿತೆಂದೇ ತಿಳಿದು ಹೊಸದಕ್ಕೆ ಹಣ ಕೇಳಲು ಹೊರಟಿದ್ದೆ. ಶಿಷ್ಯನು ದೂರವಾಣಿಯಲ್ಲಿಯೇ, "ಡಿಸ್ಕಿನ ಸ್ಮಾರ್ಟ್ ವರದಿಯೊಳಗ 199ನೇ ಸಾಲು ಓದ್ರಿ ಗುರುಗಳ" ಎಂದನು. ದಾರಿಯಲ್ಲಿ ಮಾತು ಕೆಟ್ಟುಹೋದ ಲೆಕ್ಕ ಆ ಸಾಲಿನಲ್ಲಿರುತ್ತದೆ. ಅದು ಏರುತ್ತಿದ್ದರೆ ಸಾಮಾನ್ಯವಾಗಿ ದೋಷ ಡಿಸ್ಕಿನದಲ್ಲ, ಕೇಬಲ್ಲಿನದು. ನೋಡಿದರೆ ಒಂದು ಕವಲು ಸಡಿಲವಾಗಿತ್ತು. ಒತ್ತಿ ಕೂರಿಸಿದೆ. ಆ ಲೆಕ್ಕ ಎಂದಿಗೂ ಇಳಿಯುವುದಿಲ್ಲ; ಏರದೆ ನಿಂತರೆ ಗುಣವಾಯಿತೆಂದು ಅರ್ಥ. ನಮ್ಮದು ನಿಂತಿದೆ. ಒಪ್ಪಿಸಲಾರದ ವಿದ್ಯಾರ್ಥಿಯನ್ನು ದಡ್ಡನೆಂದು ಜರೆಯುವ ಮೊದಲು, ಹೇಳಿದವನ ಮಾತು ಅವನಿಗೆ ಮುಟ್ಟಿತೇ ಎಂದು ನೋಡಬೇಕೆಂಬುದು ಈ ವಯಸ್ಸಿನಲ್ಲಿ ನನಗೆ ಹೊಳೆದದ್ದು ಹೀಗೆ.

ಒಂದು ವಿಜ್ಞಾಪನೆ. ಈಗ ಪ್ರತಿಗಳು ಎರಡಿದ್ದರೂ ಇರುವುದು ಒಂದೇ ಪೆಟ್ಟಿಗೆಯಲ್ಲಿ. ಒಂದು ಸಿಡಿಲು, ಒಂದು ಸೋರಿಕೆ ಎರಡನ್ನೂ ಒಯ್ಯಬಲ್ಲದು. ಮೂರನೆಯ ಪ್ರತಿಯೊಂದು ಬೇರೆ ಊರಿನಲ್ಲಿರಬೇಕು. ಅದನ್ನು ಇರಿಸಿಕೊಂಡು ಕಾಪಾಡಬಲ್ಲ ಹಳೆಯ ವಿದ್ಯಾರ್ಥಿಗಳೂ, ಇನ್ನೂ ಮನೆಯ ಅಟ್ಟದಲ್ಲಿ ಕಟ್ಟುಗಳನ್ನು ಇಟ್ಟುಕೊಂಡಿರುವ ಸದ್ಭಕ್ತರೂ ಶ್ರೀಮಠಕ್ಕೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ತಪ್ಪಾಗಿ ತಂದ ಆ ಎರಡು ಕೇಬಲ್ಲುಗಳನ್ನು ನಾನು ಅಂಗಡಿಗೆ ಹಿಂದಿರುಗಿಸಲಿಲ್ಲ. ಅವುಗಳ ಹಣವನ್ನು ನನ್ನ ಸಂಬಳದಿಂದ ಶಾಲೆಗೆ ಕಟ್ಟಿದ್ದೇನೆ. ಒಂದು ಎಂಟನೆಯ ತರಗತಿಯ ಗೋಡೆಯ ಮೊಳೆಗೆ ತೂಗುತ್ತಿದೆ. ಚತುರ್ಥಿ, ಪಂಚಮಿ ವಿಭಕ್ತಿಗಳ ಪಾಠ ಬಂದಾಗ ಅದನ್ನು ಕೈಗೆತ್ತಿಕೊಳ್ಳುತ್ತೇನೆ, ಮಕ್ಕಳು ಮರೆಯುವುದಿಲ್ಲ. ವಿದ್ಯೆ ಗುರುವಿನಿಂದ ಶಿಷ್ಯನಿಗೆ ಹರಿಯುವುದೆಂದಷ್ಟೇ ಬಲ್ಲವನಾಗಿದ್ದ ನನಗೆ, ಅದು ಶಿಷ್ಯನಿಂದ ಗುರುವಿಗೂ ಹರಿಯುವುದೆಂದು ತೋರಿಸಿಕೊಟ್ಟ ಆ ಬಾಲಕನಿಗೆ ಶ್ರೀಗುರುವಿನ ಕೃಪೆಯಿರಲಿ.