ಮಸಿಯ ಸಾಕ್ಷ್ಯ

ಅಗ್ನಿಗೆ ಆಹಾರವು ಕಡಮೆಯಾದರೆ ಅದು ನಂದುವುದು, ಮಿತಿಮೀರಿದರೆ ಹೊಗೆಯಾಡುವುದು. ಸೌದೆಯ ಒಲೆಯನ್ನು ಊದಿದ ಪ್ರತಿಯೊಬ್ಬ ಗೃಹಿಣಿಯೂ ಈ ತತ್ತ್ವವನ್ನು ಬಲ್ಲಳು. ಮೋಟಾರು ವಾಹನದ ಎಂಜಿನು ಕೂಡ ಒಂದು ಬಗೆಯ ಒಲೆಯೇ ಸರಿ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಅದಕ್ಕೆ ಸುಮಾರು 14.7 ತೂಕ ಗಾಳಿಯು ಬೇಕು. ಪೆಟ್ರೋಲಿನ ಪಾಲು ಇದಕ್ಕಿಂತ ಹೆಚ್ಚಾದ ಮಿಶ್ರಣವನ್ನು ಮೇಸ್ತ್ರಿಗಳು ‘ರಿಚ್’ ಎಂದು ಕರೆಯುವರು. ಹೆಸರು ಸಿರಿವಂತಿಕೆಯದು, ಫಲವು ಮಾತ್ರ ಅಜೀರ್ಣವೇ. ಸೈಲೆನ್ಸರಿನಿಂದ ಕಪ್ಪು ಹೊಗೆ, ಹಸಿ ಪೆಟ್ರೋಲಿನ ವಾಸನೆ, ಸ್ಪಾರ್ಕ್ ಪ್ಲಗ್ಗುಗಳ ತುದಿಯಲ್ಲಿ ಕಾಡಿಗೆಯಂತಹ ಮಸಿ, ಇಂಧನದ ಹೆಚ್ಚಿನ ವ್ಯಯ—ಇವೇ ಅದರ ಲಕ್ಷಣಗಳು. ಬಹುಕಾಲ ಅಲಕ್ಷ್ಯ ಮಾಡಿದಲ್ಲಿ, ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಗೆ ಅಂಟಿದ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲನ್ನು ನೀರಾಗಿಸುವುದು. ಹೊಗೆಯನ್ನು ಶುದ್ಧಿಗೊಳಿಸುವುದಕ್ಕಾಗಿ ಇಟ್ಟಿರುವ, ಬಹು ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರು ಕೆಟ್ಟುಹೋಗುವುದು.

ರೋಗವನ್ನು ತಿಳಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ನಮ್ಮ ವೈದ್ಯಶಾಸ್ತ್ರದಲ್ಲಿ ಹೇಳಿದೆ. ರೂಪವೆಂದರೆ ಕಣ್ಣಿಗೆ ಕಾಣುವ ಲಕ್ಷಣ. ನಿದಾನವೆಂದರೆ ಅದಕ್ಕೆ ಮೂಲವಾದ ಕಾರಣ. ರೂಪವು ಒಂದೇ ಆಗಿದ್ದು ನಿದಾನಗಳು ಹಲವಾಗಿರಬಹುದು. ಕಪ್ಪು ಹೊಗೆಯೆಂಬ ರೂಪಕ್ಕೆ ಸೋರುವ ಇಂಜೆಕ್ಟರು ಕಾರಣವಾಗಬಹುದು, ಇಂಧನದ ಒತ್ತಡವು ಏರಿರುವುದು ಕಾರಣವಾಗಬಹುದು, ಒಳಬರುವ ಗಾಳಿಯನ್ನು ಅಳೆಯುವ ಉಪಕರಣವು ತಪ್ಪು ಹೇಳುತ್ತಿರುವುದೂ ಕಾರಣವಾಗಬಹುದು. ಹೀಗಿರಲು ಹೊಗೆಯನ್ನು ಕಂಡೊಡನೆ ಯಾವುದೋ ಒಂದು ಬಿಡಿಭಾಗದ ಮೇಲೆ, ಅಥವಾ ಯಾವನೋ ಒಬ್ಬ ಮನುಷ್ಯನ ಮೇಲೆ, ತಪ್ಪು ಹೊರಿಸುವುದು ಎಷ್ಟು ಸುಲಭವೋ ಅಷ್ಟೇ ಅಪಾಯಕರವು. ಹಾಸನ ಜಿಲ್ಲೆಯಲ್ಲಿ ನಡೆದ ಒಂದು ಸಂಗತಿಯು ಇದಕ್ಕೆ ನಿದರ್ಶನವಾಗಿದೆ.

ಸಕಲೇಶಪುರದ ಸೀಮೆಯ ಯಜಮಾನರೊಬ್ಬರಲ್ಲಿ ಪೆಟ್ರೋಲಿನಿಂದ ನಡೆಯುವ ಒಂದು ಸಣ್ಣ ಪಿಕಪ್ ಲಾರಿಯಿತ್ತು. ತರಕಾರಿಯನ್ನೂ ಬಾಳೆಗೊನೆಗಳನ್ನೂ ಹೇರಿಕೊಂಡು ಅದು ದಿನವೂ ಬೆಳಕು ಹರಿಯುವ ಮುನ್ನವೇ ಹೊರಟು, ಸುಮಾರು 40 ಕಿಲೋಮೀಟರು ದೂರದ ಹಾಸನದ ಮಾರುಕಟ್ಟೆಯನ್ನು ಸೇರುತ್ತಿತ್ತು. ಲೀಟರಿಗೆ 18 ಕಿಲೋಮೀಟರು ಓಡುತ್ತಿದ್ದ ಆ ವಾಹನವು ಮಾರ್ಗಶಿರದ ಚಳಿ ಹಿಡಿಯುವ ಹೊತ್ತಿಗೆ 14ಕ್ಕೆ ಇಳಿಯಿತು. ಹೋಗಿ ಬರುವ 80 ಕಿಲೋಮೀಟರಿಗೆ ದಿನವೊಂದಕ್ಕೆ ಒಂದೂಕಾಲು ಲೀಟರು ನಷ್ಟ; ತಿಂಗಳಿಗೆ 26 ದಿನದ ಓಡಾಟವೆಂದರೆ ಮೂವತ್ತು ಲೀಟರಿಗೂ ಮಿಕ್ಕಿತು. ಚಾಲಕನ ಎದುರಿನ ಫಲಕದಲ್ಲಿ ದೋಷವನ್ನು ಸೂಚಿಸುವ ದೀಪವು ಒಂದು ದಿನವೂ ಉರಿದಿರಲಿಲ್ಲ. ಯಜಮಾನರು ತರ್ಕಿಸಿದರು: ಗಾಡಿಯಲ್ಲಿ ದೋಷವಿದ್ದರೆ ದೀಪ ಉರಿಯಬೇಕಾಗಿತ್ತು, ಉರಿಯಲಿಲ್ಲ, ಆದುದರಿಂದ ದೋಷವು ಗಾಡಿಯಲ್ಲಿಲ್ಲ, ಗಾಡಿ ಓಡಿಸುವವನಲ್ಲಿದೆ.

ಆ ಚಾಲಕನು ಆರು ವರ್ಷಗಳಿಂದ ಅವರಲ್ಲಿಯೇ ದುಡಿಯುತ್ತಿದ್ದವನು. “ಯಜಮಾನ್ರೇ, ಒಂದು ಹನಿ ಪೆಟ್ರೋಲನ್ನೂ ನಾನು ಮುಟ್ಟಿದವನಲ್ಲ. ಮಕ್ಕಳಾಣೆಗೂ ಇಲ್ಲ” ಎಂದು ಅವನು ಕೈಮುಗಿದು ಹೇಳಿದನು. ಯಜಮಾನರು ಗದರಲಿಲ್ಲ, ಆದರೆ ಎರಡು ತಿಂಗಳ ಸಂಬಳದಲ್ಲಿ ಪೆಟ್ರೋಲಿನ ಹಣವನ್ನು ಹಿಡಿದುಕೊಂಡರು. ಮಾತು ಮನೆಯೊಳಗೆ ನಿಲ್ಲಲಿಲ್ಲ. ಅಂಗಡಿಗೆ ಹೋದ ಅವನ ಹೆಂಡತಿಯ ಕಿವಿಗೂ ಅದು ಬಿದ್ದಿತು. ಬಡವನಿಗೆ ಸಂಬಳದ ಕಡಿತವು ಒಂದು ಕಷ್ಟವಾದರೆ, ಕಳ್ಳನೆಂಬ ಹೆಸರು ಅದಕ್ಕಿಂತ ದೊಡ್ಡ ಕಷ್ಟ. ಸಂಬಳವನ್ನು ಮತ್ತೆ ದುಡಿಯಬಹುದು. ಹೋದ ಹೆಸರನ್ನು ತಾನೇ ದುಡಿದು ತರಲಾಗದು.

ಇಷ್ಟರಲ್ಲಿ ಊರ ಗ್ಯಾರೇಜಿನವನೊಬ್ಬನು ಗಾಳಿ ಸೋಸುವ ಫಿಲ್ಟರನ್ನು ಬದಲಾಯಿಸಿದನು, ಗುಣ ಕಾಣಲಿಲ್ಲ. ಆಮೇಲೆ ಸೈಲೆನ್ಸರಿನ ಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರನ್ನು ಬದಲಾಯಿಸಿದನು. ಸಾವಿರಾರು ರೂಪಾಯಿ ಹೋಯಿತೇ ಹೊರತು ಹೊಗೆ ಹೋಗಲಿಲ್ಲ. 1976ರಲ್ಲಿ ಬಾಷ್ ಸಂಸ್ಥೆಯು ತಯಾರಿಸಿ, ಮೊದಲು ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂದ ಈ ಉಪಕರಣವು ಸುಟ್ಟ ಗಾಳಿಯಲ್ಲಿ ಆಮ್ಲಜನಕವೆಷ್ಟು ಉಳಿದಿದೆಯೆಂಬುದನ್ನು ವಿದ್ಯುತ್ತಿನ ಸಂಜ್ಞೆಯಿಂದ ತಿಳಿಸುವುದು: ಪೆಟ್ರೋಲು ಹೆಚ್ಚಾದರೆ 0.9 ವೋಲ್ಟಿನ ಸಮೀಪ, ಗಾಳಿ ಹೆಚ್ಚಾದರೆ 0.1ರ ಸಮೀಪ. ಅದು ನಡೆದುದನ್ನು ಹೇಳುವ ಸಾಕ್ಷಿ. ಅದು ‘ಪೆಟ್ರೋಲು ಹೆಚ್ಚಾಗಿದೆ’ ಎಂದು ನಿಜವನ್ನೇ ನುಡಿಯುತ್ತಿರುವಾಗ ಅದನ್ನೇ ಕಿತ್ತೊಗೆಯುವುದು, ಕಳವಿನ ಸುದ್ದಿ ತಂದವನನ್ನು ಸೆರೆಗೆ ಹಾಕಿದಂತೆ. ಹೊಸ ಸಾಮಾನು ಹಾಕಿದ ಮೇಲೂ ವ್ಯಯವು ಇಳಿಯದಿದ್ದುದರಿಂದ ಯಜಮಾನರ ಸಂದೇಹವು ಮತ್ತಷ್ಟು ಗಟ್ಟಿಯಾಯಿತು.

ಕೊನೆಗೆ ಚಾಲಕನು ಒಂದು ದಿನ ಸರಕು ಇಳಿಸಿದ ಮೇಲೆ, ತಾನಾಗಿಯೇ ಗಾಡಿಯನ್ನು ಹಾಸನದ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ ಒಯ್ದು ಎಲ್ಲವನ್ನೂ ಹೇಳಿಕೊಂಡನು. ಮೇಸ್ತ್ರಿಯು ಯಾವ ಸಾಮಾನನ್ನೂ ಬದಲಾಯಿಸುವ ಮಾತನ್ನೆತ್ತಲಿಲ್ಲ. ಹೋದ ಪೆಟ್ರೋಲು ಎಂಜಿನಿನಲ್ಲಿ ಹೋಯಿತೋ ಹೊರಗೆ ಹೋಯಿತೋ ಎಂಬುದನ್ನು ಮೊದಲು ನಿಶ್ಚಯಿಸತಕ್ಕದ್ದೆಂದು ಅವನು ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿದನು. ನಾಲ್ಕರ ಮೂತಿಯೂ ಒಂದೇ ಸಮನಾಗಿ ಮಸಿ ಹಿಡಿದಿತ್ತು. ಎಂಜಿನ್ ಆಯಿಲಿನ ಅಳತೆಯ ಕಡ್ಡಿಯನ್ನೆಳೆದು ಮೂಸಿದನು, ಪೆಟ್ರೋಲಿನ ವಾಸನೆ.

“ಕದ್ದ ಪೆಟ್ರೋಲು ಪ್ಲಗ್ಗಿಗೆ ಮಸಿ ಹಿಡಿಸೋದಿಲ್ಲಪ್ಪಾ. ಇದು ಗಾಡೀನೇ ಕುಡಿದದ್ದು” ಎಂದನು.

ಚಾಲಕನ ಕಣ್ಣಿನಲ್ಲಿ ನೀರು ನಿಂತಿತು. ಮೇಸ್ತ್ರಿಯು ಅದನ್ನು ಕಾಣದವನಂತೆ ಮುಂದಿನ ಕೆಲಸಕ್ಕೆ ತೊಡಗಿದನು. ನಾಲ್ಕು ಪ್ಲಗ್ಗುಗಳೂ ಸಮನಾಗಿ ಕಪ್ಪಾಗಿರುವುದರಿಂದ ದೋಷವು ಒಂದು ಇಂಜೆಕ್ಟರಿನದಾಗಿರಲಾರದು. ನಾಲ್ಕಕ್ಕೂ ಸಾಮಾನ್ಯವಾದುದೊಂದು ಇರಬೇಕು. “ಹೊಗೆ ಯಾವಾಗ ಜಾಸ್ತಿ?” ಎಂದು ಕೇಳಿದನು. ಬೆಳಗಿನ ಚಳಿಯಲ್ಲಿ ಹೆಚ್ಚು, ಮಧ್ಯಾಹ್ನ ಹಿಂದಿರುಗುವಾಗ ಕಡಮೆ ಎಂಬ ಉತ್ತರವು ಬಂದಿತು. ಬಿಸಿಲಿನಿಂದ ರೋಗವು ಶಮನವಾಗುತ್ತಿದೆಯೆಂದರೆ ರೋಗವು ಶೀತದ್ದೆಂದು ಊಹಿಸಬಹುದಲ್ಲವೆ? ಉಪಶಯವೆಂಬುದು ಇದೇ.

ಮರುದಿನ ಮುಂಜಾನೆ ಮೇಸ್ತ್ರಿಯು ಎಂಜಿನಿನ ಗಣಕಕ್ಕೆ ತನ್ನ ಪರೀಕ್ಷಾಯಂತ್ರವನ್ನು ಜೋಡಿಸಿ ಗಾಡಿಯಲ್ಲಿ ತಾನೂ ಕುಳಿತನು. ಇಪ್ಪತ್ತು ಕಿಲೋಮೀಟರು ಓಡಿದರೂ ಎಂಜಿನಿನ ನೀರಿನ ಉಷ್ಣತೆಯು 50 ಡಿಗ್ರಿಯ ಆಸುಪಾಸಿನಲ್ಲಿಯೇ ಇತ್ತು. ಆರೋಗ್ಯವಾದ ಎಂಜಿನಿನಲ್ಲಿ ಅದು 85ರಿಂದ 90ರವರೆಗೆ ಇರತಕ್ಕದ್ದು. ತಣ್ಣಗಿರುವ ಎಂಜಿನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗದುದರಿಂದ ಅದಕ್ಕೆ ಹೆಚ್ಚು ಪೆಟ್ರೋಲು ಬೇಕಾಗುವುದು. ಹಿಂದಿನ ಕಾರ್ಬುರೇಟರಿನ ವಾಹನಗಳಲ್ಲಿ ಬೆಳಗ್ಗೆ ಚೋಕ್ ಎಳೆಯುತ್ತಿದ್ದುದು ಇದಕ್ಕಾಗಿಯೇ. ಈಗ ಆ ಕಾರ್ಯವನ್ನು ಗಣಕವೇ ಮಾಡುತ್ತದೆ. ಎಂಜಿನು ಕಾಯುವವರೆಗೆ ಅದು ಆಮ್ಲಜನಕದ ಸೆನ್ಸರಿನ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಗಾಡಿಯ ಎಂಜಿನು ಹಾಸನವನ್ನು ಮುಟ್ಟುವವರೆಗೂ ಕಾಯುತ್ತಲೇ ಇರಲಿಲ್ಲ. ಎಳೆದ ಚೋಕನ್ನು ಯಾರೂ ಒಳಕ್ಕೆ ತಳ್ಳದಿದ್ದಂತೆ ಆಗಿತ್ತು.

ಉಷ್ಣತೆಯನ್ನು ಹೇಳುವ ಸೆನ್ಸರೇ ಸುಳ್ಳಾಡುತ್ತಿದ್ದರೆ? ಮೇಸ್ತ್ರಿಯು ಅದನ್ನೂ ಬಿಡಲಿಲ್ಲ. ಎಂಜಿನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರು ಕೊಳವೆಯನ್ನು ಹಿಡಿದು ನೋಡಿದನು. ಅದು ಉಗುರುಬೆಚ್ಚಗಿತ್ತು, ಸೆನ್ಸರು ಹೇಳಿದುದು ನಿಜ. ಎಂಜಿನನ್ನು ಆರಿಸಿ, ತಣಿಯಲು ಬಿಟ್ಟು, ಮತ್ತೆ ಚಾಲೂ ಮಾಡಿಸಿದನು. ಸರಿಯಾದ ಗಾಡಿಯಲ್ಲಿ ಆ ಕೊಳವೆಯು ಕೆಲವು ನಿಮಿಷ ತಣ್ಣಗೇ ಇದ್ದು ಆಮೇಲೆ ಒಮ್ಮೆಗೇ ಬಿಸಿಯಾಗಬೇಕು. ಇಲ್ಲಿ ಅದು ಮೊದಲಿನಿಂದಲೇ ಅಷ್ಟಷ್ಟಾಗಿ ಬೆಚ್ಚಗಾಗುತ್ತ ಬಂದಿತು. ಮೇಸ್ತ್ರಿಯು ಥರ್ಮೋಸ್ಟಾಟಿನ ಮುಚ್ಚಳವನ್ನು ಬಿಚ್ಚಿದನು. ಒಳಗೆ ಥರ್ಮೋಸ್ಟಾಟೇ ಇರಲಿಲ್ಲ.

ಥರ್ಮೋಸ್ಟಾಟೆಂಬುದು ಮೇಣ ತುಂಬಿದ ಒಂದು ಚಿಕ್ಕ ಕವಾಟ. ನೀರು ಸುಮಾರು 82 ಡಿಗ್ರಿಗೆ ಕಾಯುವವರೆಗೆ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಆಮೇಲೆ ಮೇಣವು ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಹಿಂದಿನ ಚೈತ್ರದಲ್ಲಿ ಶಿರಾಡಿ ಘಾಟಿಯನ್ನು ಹತ್ತುವಾಗ ಆ ಕವಾಟವು ತೆರೆಯದೆ ಸಿಕ್ಕಿಕೊಂಡು ಎಂಜಿನು ಕುದಿದಿತ್ತು. ದಾರಿಯ ಮೇಸ್ತ್ರಿಯೊಬ್ಬನು ಅದನ್ನು ತೆಗೆದುಹಾಕಿ ಗಾಡಿಯನ್ನು ಊರು ಮುಟ್ಟಿಸಿದನು. ಆಪತ್ಕಾಲಕ್ಕೆ ಅದು ಸರಿಯಾದ ಉಪಾಯವೇ. ಚಾಲಕನು ಅಂದೇ ಯಜಮಾನರಿಗೆ ತಿಳಿಸಿಯೂ ಇದ್ದನು. ಬೇಸಗೆಯಲ್ಲಿ ಎಂಜಿನು ಕುದಿಯದೆ ತಂಪಾಗಿ ಓಡಿದ್ದರಿಂದ ಹೊಸದನ್ನು ಹಾಕಿಸಬೇಕೆಂಬುದು ಇಬ್ಬರಿಗೂ ಮರೆತುಹೋಯಿತು. ಚೈತ್ರದಲ್ಲಿ ತೆಗೆದುದರ ಫಲವು ಮಾರ್ಗಶಿರದಲ್ಲಿ ಕಾಣಿಸಿಕೊಂಡಿತು. ನಡುವಣ ಎಂಟು ತಿಂಗಳು ಕಾರ್ಯವನ್ನೂ ಕಾರಣವನ್ನೂ ಬೇರ್ಪಡಿಸಿಬಿಟ್ಟವು.

ಈ ಪ್ರಸಂಗದಲ್ಲಿ ಸುಳ್ಳಾಡಿದವರು ಯಾರೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೆನ್ಸರುಗಳು ಇದ್ದುದನ್ನೇ ಹೇಳಿದವು. ಗಣಕವು ತನ್ನ ನಿಯಮವನ್ನು ಪಾಲಿಸಿತು. ಆದುದರಿಂದಲೇ ದೀಪವು ಉರಿಯಲಿಲ್ಲ. ಚಾಲಕನೂ ನಿಜವನ್ನೇ ನುಡಿದನು. ತಪ್ಪು ಮಾಡಿದುದು ಇದ್ದ ವಸ್ತುವಲ್ಲ, ಇಲ್ಲದಿದ್ದ ವಸ್ತು. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರರೊಡನೆ ಅಭಾವವನ್ನೂ ಏಳನೆಯ ಪದಾರ್ಥವೆಂದು ವೈಶೇಷಿಕರು ಎಣಿಸಿದರು. ಇಲ್ಲದಿರುವುದನ್ನು ಪದಾರ್ಥವೆನ್ನುವುದೇಕೆಂದು ಪಾಠಶಾಲೆಯ ಬಾಲಕರು ನಗುವುದುಂಟು. ಒಬ್ಬ ಬಡವನ ಎರಡು ತಿಂಗಳ ಸಂಬಳವನ್ನೂ ಮಾನವನ್ನೂ ಕಸಿದುದು ಅಂತಹ ಒಂದು ಅಭಾವವೇ.

ಹೊಸ ಥರ್ಮೋಸ್ಟಾಟನ್ನು ಹಾಕಿ, ಎಂಜಿನ್ ಆಯಿಲನ್ನು ಬದಲಾಯಿಸಿ, ಪ್ಲಗ್ಗುಗಳನ್ನು ಶುದ್ಧಗೊಳಿಸಿದ ಮೇಲೆ ಗಾಡಿಯು ಮತ್ತೆ ಲೀಟರಿಗೆ 18ರ ಸಮೀಪಕ್ಕೆ ಬಂದಿತು. ಸಾಮಾನಿನ ಬೆಲೆಯು ಹಿಡಿದುಕೊಂಡ ಸಂಬಳಕ್ಕಿಂತ ಬಹಳ ಕಡಮೆ. ಯಜಮಾನರು ಆ ಹಣವನ್ನು ಹಿಂದಿರುಗಿಸಿದರು. ಅಷ್ಟಕ್ಕೇ ನಿಲ್ಲದೆ, ಊರಿನ ಅಂಗಡಿಯ ಜಗಲಿಯಲ್ಲಿ ನಾಲ್ವರು ಕುಳಿತಿದ್ದಾಗ ಅವರೆದುರಿಗೇ, “ಹುಡುಗನ ತಪ್ಪೇನೂ ಇಲ್ಲ, ಗಾಡೀದು” ಎಂದು ಹೇಳಿದರು. ಹಣವನ್ನು ಕೊಟ್ಟುದಕ್ಕಿಂತ ಈ ಮಾತು ಹೆಚ್ಚಿನದು. ಹೆಸರು ಎಲ್ಲಿ ಹೋಗಿತ್ತೋ ಅಲ್ಲಿಯೇ ಅದನ್ನು ಮರಳಿಸಬೇಕು.

ವಾಹನವುಳ್ಳ ಗೃಹಸ್ಥರು ಇದರಿಂದ ತಿಳಿಯತಕ್ಕ ಸಂಗತಿಗಳು ಎರಡು. ಆಪತ್ತಿನಲ್ಲಿ ಯಾವುದನ್ನಾದರೂ ತೆಗೆದುಹಾಕಿದರೆ, ತೆಗೆದ ವಸ್ತುವನ್ನೂ ತೆಗೆದ ದಿನವನ್ನೂ ಗಾಡಿಯ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಇಂಧನದ ವ್ಯಯವು ಏರಿದರೆ ಮೊದಲು ಪ್ಲಗ್ಗನ್ನು ಬಿಚ್ಚಿಸಿ ನೋಡತಕ್ಕದ್ದು. ಮನುಷ್ಯನ ವಿಷಯವಾಗಿ ಮಾತನಾಡುವುದು ಆಮೇಲೆ.