ಕತ್ತಿಗೆ ಬಿಡುವು ಕೊಡಬಾರದು

ಜುಲೈ ತಿಂಗಳಲ್ಲಿ ನಮ್ಮ ಕಡೆ ಒಣಗಿದ್ದು ಅಂತ ಏನಾದರೂ ಇದ್ದರೆ ಅದು ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ. ಭರಣಿಯ ಉಪ್ಪು ನೀರಾಗಿರುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಹತ್ತುವುದಿಲ್ಲ, ಚಪ್ಪಲಿಗೂ ಪುಸ್ತಕಕ್ಕೂ ಒಂದೇ ಬಣ್ಣದ ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತೀರ್ಥಹಳ್ಳಿಯಿಂದ ಈಚೆಗಿರುವ ನಮಗೆ ಅದರಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೇ. ಇಂಥ ಊರಲ್ಲಿ ಕೂತು ಮಡಚುವ ಹಳೇ ಕ್ಷೌರದ ಕತ್ತಿಯಲ್ಲೇ ಗಡ್ಡ ಹೆರೆದುಕೊಳ್ಳುತ್ತೇನೆಂದು ಹಠ ಹಿಡಿದವನಿಗೆ ಕೆನ್ನೆ ಕೊಯ್ದುಕೊಳ್ಳುವ ಭಯ ಎರಡನೆಯದು. ಮೊದಲನೆಯದು, ಇವತ್ತಿನ ಕ್ಷೌರ ಮುಗಿದು ನಾಳೆಯದು ಬರುವ ತನಕ ಈ ಕತ್ತಿಯನ್ನು ಕಾಯುವುದು ಹೇಗೆ ಎಂಬುದು.

ನನ್ನದು ಸೊಲಿಂಗೆನ್ ಕತ್ತಿ. ಜರ್ಮನಿಯ ಆ ಊರಿನ ಹೆಸರನ್ನು ಚೂರಿ, ಕತ್ತರಿಗಳ ಮೇಲೆ ಕಂಡಕಂಡವರೆಲ್ಲ ಒತ್ತಿಕೊಳ್ಳಬಾರದೆಂದು 1938ರಲ್ಲಿ ಕಾನೂನೇ ಆಯಿತು. ಅಲಗಿನ ಬುಡದಲ್ಲಿ ಆ ಹೆಸರಿದೆ ಎಂದು ಮನೆಯಲ್ಲಿ ಅದಕ್ಕೊಂದು ಮರ್ಯಾದೆಯೂ ಇದೆ. ಆದರೆ ತುಕ್ಕಿಗೆ ಓದು ಬರುವುದಿಲ್ಲ. ಹಳೇ ಕತ್ತಿಗಳೆಲ್ಲ ಹೆಚ್ಚುಕಡಿಮೆ ಶೇ 1ರಷ್ಟು ಇಂಗಾಲ ಸೇರಿದ ಉಕ್ಕು. ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಕ್ರೋಮಿಯಂ ಬೆರೆಸಿ ಸ್ಟೇನ್‌ಲೆಸ್ ಉಕ್ಕು ಎರೆದದ್ದು 1913ರಲ್ಲಿ. ಆಮೇಲೆ ಅದರ ಕತ್ತಿಗಳೂ ಬಂದವು. ಆದರೂ ಇಂಗಾಲದ ಉಕ್ಕೇ ಬೇಕೆನ್ನುವವರು ಬಹಳ. ಸಾಣೆಕಲ್ಲಿಗೆ ಅದು ಬೇಗ ಒಗ್ಗುತ್ತದಂತೆ. ಒಗ್ಗುವುದೇನೋ ನಿಜ. ನೀರಿಗೂ ಅಷ್ಟೇ ಬೇಗ ಒಗ್ಗುತ್ತದೆ ಎಂಬುದನ್ನು ಮಾತ್ರ ಅವರು ಮೆಲ್ಲಗೆ ಹೇಳುತ್ತಾರೆ.

ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಚೆನ್ನಾಗಿ ಮಸೆದ ಕತ್ತಿಯ ಅಂಚು ಒಂದು ಮೈಕ್ರಾನಿಗಿಂತ ತೆಳು. ಅಲಗಿನ ಮೈಮೇಲೆ ಕೆಂಪು ಚುಕ್ಕೆ ಎದ್ದರೆ ಉಜ್ಜಿ ತೆಗೆಯಬಹುದು. ಅಂಚಿನಲ್ಲಾದರೆ ಕಣ್ಣಿಗೆ ಕಾಣುವ ಮೊದಲೇ ತುಕ್ಕು ತನ್ನ ಪಾಲು ತಿಂದಿರುತ್ತದೆ. ನಿನ್ನೆ ಬೆಣ್ಣೆಯಲ್ಲಿ ಹೋದ ಹಾಗೆ ಹೋದ ಕತ್ತಿ ಇವತ್ತು ಕೂದಲು ಹಿಡಿದು ಎಳೆದರೆ ಎಲ್ಲರೂ ಬೈಯುವುದು ಸಾಣೆಯನ್ನು. ಎಷ್ಟೋ ಸಲ ತಪ್ಪು ರಾತ್ರಿಯದು.

ಕೊಡಚಾದ್ರಿಗೆ ಹೋಗಿ ಬಂದ ಗೆಳೆಯರೊಬ್ಬರು ಕತ್ತಿಯನ್ನು ಒರೆಸಿ ಎಣ್ಣೆ ಹಚ್ಚುವ ನನ್ನ ಉಪಚಾರಗಳನ್ನು ನೋಡಿ ನಕ್ಕರು. “ಅಲ್ಲಿ ದೇವಸ್ಥಾನದ ಎದುರು ಕಬ್ಬಿಣದ ಕಂಬ ಅಷ್ಟು ಮಳೆಯಲ್ಲಿ ನಿಂತಿದೆಯಲ್ಲ ಮಾರಾಯ್ರೆ, ಅದಕ್ಕೆ ಎಣ್ಣೆ ಹಚ್ಚುವವರು ಯಾರು?” ಪ್ರಶ್ನೆ ಚೆನ್ನಾಗಿದೆ. ದೆಹಲಿಯ ಕಬ್ಬಿಣದ ಕಂಬದ ಮೇಲೆ ಕೆಲಸ ಮಾಡಿದ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಇಂಥ ಕಂಬಗಳು ತುಕ್ಕಿಗೆ ತಾಳುವುದಕ್ಕೆ ಕಾರಣವನ್ನು ಹೇಳಿದ್ದಾರೆ. ಹಳೇ ಕಾಲದ ಆ ಕಬ್ಬಿಣದಲ್ಲಿ ರಂಜಕ ಹೆಚ್ಚು. ಮೊದಮೊದಲು ಹಿಡಿದ ತುಕ್ಕೇ ತೆಳ್ಳಗೆ ಗಟ್ಟಿ ಪದರವಾಗಿ ಕೂತು ಒಳಗಿನದನ್ನು ಕಾಯುತ್ತದೆ. ಅದೂ ಅಲ್ಲದೆ, ಕಂಬ ಉಗುರಿನಷ್ಟು ಸವೆದರೂ ಕಂಬವೇ. ಕತ್ತಿಗೆ ಆ ಅನುಕೂಲ ಇಲ್ಲ.

ಚಿಕ್ಕಂದಿನಲ್ಲಿ ಮನೆಮನೆಗೆ ಬರುತ್ತಿದ್ದ ಕ್ಷೌರಿಕರ ಕತ್ತಿಗೆ ತುಕ್ಕು ಹಿಡಿದದ್ದನ್ನು ನಾನು ಕಂಡಿಲ್ಲ. ಅವರ ಪೆಟ್ಟಿಗೆಯಲ್ಲಿ ಎಣ್ಣೆ ಬಾಟಲಿಯೂ ಇರಲಿಲ್ಲ. ಒಬ್ಬರದು ಮುಗಿದ ಕೂಡಲೇ ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿ, ಚರ್ಮದ ಪಟ್ಟಿಯ ಮೇಲೆ ಅತ್ತಿತ್ತ ಎಳೆದು, ಮುಂದಿನ ಗಡ್ಡಕ್ಕೆ ಇಡುವುದೇ. ಈಗ ಸಲೂನುಗಳಲ್ಲಿ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ಒಬ್ಬರಿಗೆ ಬಳಸಿದ್ದನ್ನು ಬಿಸಾಡುತ್ತಾರೆ. ಸೋಂಕಿನ ದೃಷ್ಟಿಯಿಂದ ಅದೇ ಸರಿ. ಹಾಗಾಗಿ ತುಕ್ಕಿನ ಚಿಂತೆ ಕಸುಬಿನವರನ್ನು ಬಿಟ್ಟು ನನ್ನಂಥ ಶೋಕಿಯವರ ಮನೆಗೆ ಬಂದಿದೆ.

ಇಂಗ್ಲೆಂಡಿನ ಸಾಹುಕಾರರ ಶೋಕಿ ಇನ್ನೂ ಮೇಲಿನದು. ವಾರಕ್ಕೆ ಏಳು ಕತ್ತಿಗಳ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರು, ಪ್ರತಿಯೊಂದರ ಬೆನ್ನ ಮೇಲೆ ಒಂದೊಂದು ವಾರದ ಹೆಸರು. ಉಕ್ಕಿಗೂ ವಿಶ್ರಾಂತಿ ಬೇಕೆಂಬ ನಂಬಿಕೆ. ಆ ಪೆಟ್ಟಿಗೆ ಮಲೆನಾಡಿಗೆ ಬಂದಿದ್ದರೆ ಭಾನುವಾರದ ಕತ್ತಿ ಮುಂದಿನ ಭಾನುವಾರದೊಳಗೆ ಕೆಂಪಾಗಿರುತ್ತಿತ್ತು. ಮಂಗಳವಾರದ್ದನ್ನಂತೂ ಹೊರಗೆ ತೆಗೆಯುವುದಕ್ಕೇ ನಮ್ಮ ಹಿರಿಯರು ಬಿಡುತ್ತಿರಲಿಲ್ಲ.

ನೀರು ಅಡಗಿ ಕೂರುವುದು ಹಿಡಿಯ ಸೀಳಿನಲ್ಲಿ, ಅಲಗನ್ನು ಹಿಡಿದಿರುವ ಮೊಳೆಯ ಸುತ್ತ. ಅಲಗನ್ನು ಎಷ್ಟೇ ಒರೆಸಿ ಮಡಚಿ, ಮಡಚಿದ ಮೇಲೆ ಅಲ್ಲಿಯ ಹನಿ ಮೆಲ್ಲಗೆ ಇಳಿದು ಅಂಚಿಗೆ ಬರುತ್ತದೆ. ಅದಕ್ಕೇ ನೀರಿಗೆ ಅದ್ದುವಾಗ ಅಲಗಿನ ಮುಂಭಾಗ ಮಾತ್ರ. ಆಮೇಲೆ ಹಳೇ ಪಂಚೆಯ ಚೂರನ್ನು ಬತ್ತಿಯ ಹಾಗೆ ಹೊಸೆದು ಸೀಳಿನಲ್ಲಿ ತೂರಿಸಿ ಆ ಕಡೆಯಿಂದ ಎಳೆಯುತ್ತೇನೆ. ಒರೆಸಿದೆ ಎಂದುಕೊಂಡ ಮೇಲೂ ಬಟ್ಟೆಯ ತುದಿ ಒದ್ದೆಯಾಗಿ, ಸೋಪಿನ ಬಿಳಿ ಹತ್ತಿಕೊಂಡು ಬರುತ್ತದೆ. ಒರೆಸುವುದು ಯಾವಾಗಲೂ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ. ಬಳಿಕ ಪಟ್ಟಿಯ ಮೇಲೆ ನಾಲ್ಕಾರು ಸಲ ಎಳೆದರೆ ಅಂಚಿನ ಪಸೆ ಹೋಗುತ್ತದೆ. ಕೂಡಲೇ ಮಡಚದೆ, ಮಕ್ಕಳ ಕೈಗೆ ಸಿಗದ ಕಡೆ ಒಂದಿಷ್ಟು ಹೊತ್ತು ತೆರೆದೇ ಇಡಬೇಕು. ಹಂಡೆ ಕಾಯುವ ಬಚ್ಚಲಲ್ಲಂತೂ ಅಲ್ಲವೇ ಅಲ್ಲ. ಅಲ್ಲಿ ಗೋಡೆಯೇ ಬೆವರುತ್ತದೆ.

ಎಣ್ಣೆಯ ವಿಷಯದಲ್ಲಿ ಮನೆಯೊಳಗೆ ಜಗಳವಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ತೆಂಗಿನೆಣ್ಣೆ ಸವರಿ ಎತ್ತಿಡುವುದು ಇಲ್ಲಿಯ ಪದ್ಧತಿ. ಆದರೆ ಸಸ್ಯದ ಎಣ್ಣೆ ಬಹಳ ದಿನ ಹಾಗೇ ಬಿಟ್ಟರೆ ಕಮಟುತ್ತದೆ, ಅಂಟಾಗುತ್ತದೆ, ಸೀಳಿನಲ್ಲಿ ಧೂಳು ಹಿಡಿಯುತ್ತದೆ. ಜಪಾನಿನವರು ಖಡ್ಗಗಳಿಗೆ ಹಚ್ಚುವುದು ಲವಂಗದ ಪರಿಮಳದ ಎಣ್ಣೆ. ಅದನ್ನು ತರಿಸುವ ತಾಕತ್ತಿಲ್ಲದೆ ನಾನು ಹೊಲಿಗೆ ಯಂತ್ರದ ತಿಳಿ ಎಣ್ಣೆಗೆ ಬಂದೆ. ಖನಿಜದ ಎಣ್ಣೆ, ಕೆಡುವುದಿಲ್ಲ. “ಮುಖಕ್ಕೆ ಮಷೀನಿನ ಎಣ್ಣೆಯಾ? ನಿಮಗೆಂತ ಆಗಿದೆ!” ಎಂದಳು ಹೆಂಡತಿ. ಕತ್ತಿಗೆ ಬೇಕಾದದ್ದು ಒಂದೇ ತೊಟ್ಟು, ಬೆಳಿಗ್ಗೆ ಬಿಸಿನೀರಲ್ಲಿ ತೊಳೆದೇ ಮುಖಕ್ಕೆ ಇಡುವುದು ಎಂದು ಸಮಜಾಯಿಷಿ ಕೊಟ್ಟಿದ್ದೇನೆ. ಒಪ್ಪಿದ ಲಕ್ಷಣವಿಲ್ಲ. ಎತ್ತಿಡುವುದು ತಗಡಿನ ಡಬ್ಬಿಯಲ್ಲಿ, ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಚರ್ಮದ ಚೀಲ ನೋಡಲು ಚಂದ, ಆದರೆ ಪಸೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ತುಕ್ಕು ಬಂದರೆ ಹಿಡಿಯನ್ನು ಅನುಮಾನಿಸಬೇಕು. ಹಳೇ ಕತ್ತಿಗಳಲ್ಲಿ ದಂತದ ಹಾಗೆ, ಆಮೆಯ ಚಿಪ್ಪಿನ ಹಾಗೆ ಕಾಣುವ ಹಿಡಿಗಳು ಎಷ್ಟೋ ಸಲ ಸೆಲ್ಯುಲಾಯ್ಡ್, ಅಂದರೆ ನೈಟ್ರೇಟ್ ಮಾಡಿದ ಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡಿದ ಪ್ಲಾಸ್ಟಿಕ್. ಹಳೇ ಸಿನಿಮಾ ರೀಲುಗಳದೂ ಇದೇ ಜಾತಿ. ವಯಸ್ಸಾದಂತೆ ಅದು ಒಳಗಿಂದೊಳಗೆ ಕೊಳೆತು ನೈಟ್ರೋಜನ್ ಆಕ್ಸೈಡಿನ ಅನಿಲ ಬಿಡುತ್ತದೆ. ಗಾಳಿಯ ಪಸೆ ಸೇರಿದರೆ ನೈಟ್ರಿಕ್ ಆಮ್ಲ. ಮಡಚಿಟ್ಟ ಅಲಗು ಆ ಆಮ್ಲದ ಮಡಿಲಲ್ಲೇ ಮಲಗಿರುತ್ತದೆ. ಎಣ್ಣೆ, ಪೊಟ್ಟಣ ಯಾವುದೂ ನಡೆಯುವುದಿಲ್ಲ. ಈ ಕೊಳೆತ ಪಕ್ಕದ ಕತ್ತಿಗೂ ಅಂಟುತ್ತದೆ.

ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಕ್ಷೌರದ ಕತ್ತಿ ಇದ್ದರೆ ಮಳೆ ಹಿಡಿಯುವ ಮೊದಲು ಒಮ್ಮೆ ತೆಗೆದು ನೋಡಿ. ಹಿಡಿ ಬಿರುಕು ಬಿಟ್ಟು, ಮಸುಕಾಗಿ, ಮೂಗಿಗೆ ಹುಳಿ ಘಾಟು ಹೊಡೆದರೆ ಮೊಳೆ ಕಿತ್ತು ಅಲಗನ್ನು ಬೇರೆ ಮಾಡಿ, ಮರದ ಹಿಡಿ ಹಾಕಿಸಿ. ಹಳೆಯದನ್ನು ನೆನಪಿಗೆಂದು ಎತ್ತಿಡಬೇಡಿ, ಒಲೆಯ ಹತ್ತಿರವೂ ತರಬೇಡಿ. ಸೆಲ್ಯುಲಾಯ್ಡ್ ಬಹಳ ಸುಲಭವಾಗಿ ಹೊತ್ತಿಕೊಳ್ಳುತ್ತದೆ.